ಗಿಣಿಹಸಿರು ನೈಲಾನ್ ಸೀರೆ

ಅಲ್ಲ ಕಣೆ ಅನು, ಬೇಡ ಅಂತ ನಾನೆಲ್ಲಿ ಹೇಳ್ದೆ, ತಗೋ, ಆದ್ರೆ ಅದು ಎಂತದ್ರಲ್ಲಿ ಮಾಡಿದ್ದು ಅಂತ ಮೊದ್ಲು ನೋಡು ಅಂದೆ, ಅಷ್ಟೆ. ಏನೋ ಅಂದ್ಯಲ್ಲ ಆಗ, ಇನ್ವೆಸ್ಟ್‌ಮೆಂಟ್ ಪೀಸು. ಹತ್ತು ವರ್ಷ ಬಾಳಿಕೆ ಬರೋ ಬಟ್ಟೆ, ನಾಕೇ ನಾಕು ಇದ್ರೆ ಸಾಕು ಅನ್ನೋದು. ಒಳ್ಳೇದೇ. ಸೋಮವಾರದಿಂದ ತೀರ್ಥಹಳ್ಳಿಲಿ ಕೆಲಸಕ್ಕೆ ಹೋಗೋಳು, ಬೇಕಲ್ಲ ಮತ್ತೆ. ಆದ್ರೆ ಈ ಫೋನಲ್ಲಿ ಬರ್ದಿದ್ದಾರಲ್ಲ, ಸುಕ್ಕಾಗಲ್ಲ, ಬೇಗ ಒಣಗುತ್ತೆ, ಹರಿಯಲ್ಲ ಅಂತ, ಇದೇ ಮೂರು ಮಾತು ಕಣೆ, ಇದೇ ಮೂರನ್ನ ನಾನು ನಿನ್ನ ವಯಸ್ಸಲ್ಲಿ ಸಾಗರದ ಒಂದು ಬಟ್ಟೆ ಅಂಗಡಿಲಿ ಕೇಳಿದ್ದೆ. ಚಿನ್ನಿ, ಆ ಟಿವಿ ಸಣ್ಣ ಮಾಡೆ. ನಿಮ್ಮಮ್ಮಂಗೂ ಪೂರ್ತಿ ಹೇಳಿಲ್ಲ ನಾನು ಇದನ್ನ.

ನಂಗೆ ಹೊಸನಗರದ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೆಲ್ಸ ಸಿಕ್ತು. ಆಪರೇಟರ್ ಕೆಲ್ಸ. ಆಗ ಈಗಿನಂಗೆ ನೀವೇ ನಂಬರ್ ಒತ್ತೋದಲ್ಲ, ಯಾರು ಫೋನ್ ಎತ್ತಿದ್ರೂ ಮೊದ್ಲು ನಮ್ಮ ಬೋರ್ಡಿಗೆ ಬರೋದು, ನಾವು ವಯರ್ ಚುಚ್ಚಿ ಬೇಕಾದವರಿಗೆ ಕೊಡೋದು. ನಮ್ಮೂರು ತಾಳಗುಪ್ಪದಿಂದ ದಿನಾ ಓಡಾಡೋಕಾಗ್ತದಾ, ಅಲ್ಲೇ ರೂಮು ಮಾಡ್ಬೇಕು. ಹೊರಡೋ ಮುಂಚೆ ನಮ್ಮವ್ವ ಬಟ್ಟೆ ತೆಗ್ಸೋಕೆ ಸಾಗರಕ್ಕೆ ಕರ್ಕೊಂಡು ಹೋದ್ಲು. ನಮ್ಮವ್ವ ಬಟ್ಟೆ ನೋಡೋದು ಹೆಂಗೆ ಗೊತ್ತಾ, ಬಣ್ಣನೇ ನೋಡ್ತಿರ್ಲಿಲ್ಲ. ತಿರುವಿ ಹಾಕಿ ಹಿಂದುಗಡೆ ನೋಡೋಳು, ಬೆಳಕಿಗೆ ಹಿಡಿಯೋಳು, ಅಂಚನ್ನ ಬೆರಳಲ್ಲಿ ತಿಕ್ಕೋಳು. ನನಗೆ ಅಂತ ಎರಡು ಕೈಮಗ್ಗದ ಸೀರೆ ಆರಿಸಿದ್ಲು. ಒಂದು ಕಂದು, ಒಂದು ಕಪ್ಪು, ಅಲ್ಲ, ಕಪ್ಪಲ್ಲ, ಕಡುನೀಲಿ. ದಪ್ಪಂದ್ರೆ ದಪ್ಪ. ನಂಗೆ ಅಳು ಬಂತು. "ಗೋಣಿಚೀಲ ಉಟ್ಕೊಂಡು ಆಫೀಸಿಗೆ ಹೋಗ್ಲಾ ಅವ್ವ?" ಅಂದೆ. ಅಂಗಡಿಲಿ ಅಲ್ಲೇ ಮೇಲ್ಗಡೆ ಒಂದು ನೈಲಾನ್ ಸೀರೆ ನೇತಾಕಿದ್ರು. ಗಿಣಿಹಸಿರು, ಮೈತುಂಬ ಬಿಳಿ ಹೂವು. ಗಾಳಿ ಇಲ್ದಿದ್ರೂ ಅಲ್ಲಾಡ್ತಿತ್ತು, ಅಷ್ಟು ಹಗುರ. ಅಂಗಡಿಯೋನು ನನ್ನ ಕಣ್ಣು ಎಲ್ಲಿದೆ ಅಂತ ನೋಡ್ಬಿಟ್ಟ. "ತಗಳಿ ಅಮ್ಮ, ಸುಕ್ಕಾಗಲ್ಲ, ಅರ್ಧ ಗಂಟೆಗೆ ಒಣಗುತ್ತೆ, ಹರಿಯೋ ಮಾತೇ ಇಲ್ಲ" ಅಂದ. ನಮ್ಮವ್ವ ತಲೆ ಎತ್ತಿ ಅವನನ್ನೇ ನೋಡಿ, "ಹರಿಯೋದೇ ಇಲ್ವಾ? ಹಂಗಾದ್ರೆ ಬೇಡ" ಅಂದ್ಲು. ಅವನು ನಕ್ಕ. ನಂಗೆ ಅವಮಾನ ಆಯ್ತು. ಆದ್ರೆ ಅವ್ವ ಹಂಗಂದಿದ್ದಕ್ಕೆ ಕಾರಣ ಇತ್ತು. ನಾವಿನ್ನೂ ಗೇಣಿ ಮಾಡ್ತಿದ್ದ ಕಾಲದಲ್ಲಿ ಅವಳು ಅಕ್ಕಿ ಗಿರಣಿಗೆ ಕೂಲಿಗೆ ಹೋಗ್ತಿದ್ಲು. ಒಂದಿನ ಸೆರಗು ಬೆಲ್ಟಿಗೆ ಸಿಕ್ಕು ಎಳ್ಕೊಂಡು ಹೋಯ್ತಂತೆ. ಹಳೇ ಹತ್ತಿ ಸೀರೆ, ಪರ್ರಂತ ಹರೀತು, ಇವಳು ಇತ್ಲಾಗೆ ಬಿದ್ಲು. "ಹರಿದಿದ್ದಕ್ಕೆ ನಾನುಳ್ದೆ" ಅನ್ನೋಳು. ನಾನು ಆ ಕಥೆ ಎಷ್ಟು ಸಲ ಕೇಳಿದ್ದೆ ಅಂದ್ರೆ ಕಿವಿಗೇ ಹೋಗ್ತಿರ್ಲಿಲ್ಲ.

ಮೊದ್ಲನೇ ಸಂಬಳ ಬಂತು. ಸಾಗರಕ್ಕೆ ಹೋಗಿ ಆ ಸೀರೆನೇ ತಂದೆ. ಅವ್ವಂಗೆ ಹೇಳ್ಲಿಲ್ಲ. ಅದು ಚಳಿಗಾಲ, ಗಾಳಿ ಒಣಗಿರ್ತದಲ್ಲ, ಉಟ್ಟು ಬಿಚ್ಚೋವಾಗ ಮೈಮೇಲೆ ಚಟಚಟ ಅನ್ನೋದು. ಕೈ ರೋಮ ಎಲ್ಲ ಎದ್ದು ನಿಲ್ಲೋದು. ಬಟ್ಟೆ ಕಾಲಿಗೆ ಸುತ್ಕೊಂಡು ಅಂಟೋದು, ಬಿಡ್ಸಿದ್ರೆ ಮತ್ತೆ ಅಂಟೋದು. ನಂಗೆ ಒಂದೊಂದ್ಸಲ ಹೆದ್ರಿಕೆ ಆಗ್ತಿತ್ತು. ಆದ್ರೂ ಉಡ್ತಿದ್ದೆ, ಯಾಕಂದ್ರೆ ಅದನ್ನ ಉಟ್ಟ ದಿನ ಎಲ್ರೂ ತಿರುಗಿ ನೋಡೋರು.

ರೂಮಲ್ಲಿ ನನ್ನ ಜೊತೆ ಗಿರಿಜ ಅಂತ ಇದ್ಲು. ಅರಳಸುರಳಿ ಕಡೆಯೋಳು, ಪ್ರೈಮರಿ ಸ್ಕೂಲ್ ಟೀಚರು. ನೋಡೋಕೆ ಸಣ್ಣಗೆ, ಮಾತು ಮಾತ್ರ ಖಡಕ್ಕು. ಅವಳಿಗೆ ಇದ್ದಿದ್ದು ಮೂರು ಹತ್ತಿ ಸೀರೆ, ಮೂರನ್ನೂ ಸರತಿ ಮೇಲೆ ಉಡೋಳು, ಗಂಜಿ ಹಾಕೋಳು, ಮಡಚಿ ಹಾಸಿಗೆ ಕೆಳಗಿಟ್ಟು ಇಸ್ತ್ರಿ ಮಾಡ್ಕಳೋಳು. ನನ್ನ ಗಿಣಿಹಸಿರು ನೋಡಿ ನಗೋಳು, "ಇದು ಸೀರೆ ಅಲ್ಲ ಕಣೆ ಸರೋಜ, ಪೇಪರ್ ಹೂವು" ಅನ್ನೋಳು. ಆಷಾಢ ಬಂತು. ಮೂರು ವಾರ ಬಿಡದೆ ಸುರೀತು. ಒಗೆದಿದ್ದು ಒಣಗಲ್ಲ, ಒಣಗದ್ದು ವಾಸನೆ. ಆ ದಿನ ಅವಳ ಸ್ಕೂಲಿಗೆ ಇನ್‌ಸ್ಪೆಕ್ಟರ್ ಬರೋರಿದ್ರು. ಬೆಳಿಗ್ಗೆ ಎದ್ದು ಮುಟ್ಟಿ ನೋಡ್ತಾಳೆ, ಮೂರು ಸೀರೆನೂ ಒದ್ದೆ. ಬಾಗಿಲಲ್ಲಿ ನಿಂತ್ಕೊಂಡು, ಅವಳು ಯಾವತ್ತೂ ಏನೂ ಕೇಳಿದೋಳಲ್ಲ, "ಸರೋಜ, ಇವತ್ತೊಂದಿನ ನಿನ್ನ ಪೇಪರ್ ಹೂವು ಕೊಡ್ತೀಯೇನೆ?" ಅಂದ್ಲು. ನಂಗೆ ಖುಷಿ. ಗೆದ್ದಂಗಾಯ್ತು. ನಾನೇ ಉಡ್ಸಿದೆ. ನೈಲಾನ್ ಜಾರ್ತದಲ್ಲ, ಅವಳಿಗೆ ಅಭ್ಯಾಸ ಇಲ್ಲ, ಸೆರಗು ನಿಲ್ಲದು. ನಾನೇ ಹೆಗಲ ಹತ್ರ ಎರಡು, ಸೊಂಟದ ಹತ್ರ ಒಂದು ಪಿನ್ ಚುಚ್ಚಿ ಗಟ್ಟಿ ಮಾಡ್ದೆ. "ಇನ್ನು ಏನೇ ಆದ್ರೂ ಬಿಚ್ಚಲ್ಲ" ಅಂದೆ. ಹಂಗೇ ಅಂದೆ ಕಣ್ರೇ ನಾನು. ಅವಳು ಒಂದು ಸುತ್ತು ತಿರುಗಿ, "ಉಟ್ಟಂಗೇ ಇಲ್ಲ ಕಣೆ" ಅಂದ್ಲು. ನಾನು ನನ್ನ ಕಂದು ಸೀರೆ ಉಟ್ಕೊಂಡು ಎಂಟು ಗಂಟೆಗೆ ಡ್ಯೂಟಿಗೆ ಹೊರಟೆ. ಅವಳು ಉಪ್ಪಿಟ್ಟು ಮಾಡ್ಕೊಂಡು ತಿಂದು ಹೋಗ್ತೀನಿ ಅಂದ್ಲು. ಸೀಮೆಎಣ್ಣೆ ಪಂಪ್ ಸ್ಟೌ. ಅದರ ವಾಷರ್ ಹೋಗಿ ಹದಿನೈದು ದಿನ ಆಗಿತ್ತು, ಬುಸ್ ಬುಸ್ ಅನ್ನೋದು, ಹಾಕಿಸ್ಬೇಕು ಅಂತ ಇಬ್ರೂ ದಿನಾ ಹೇಳ್ಕೊಳ್ತಿದ್ವಿ.

ಬೋರ್ಡಲ್ಲಿ ಒಬ್ಬಳೇ ಇದ್ದೆ. ಮಳೆಗೆ ಲೈನೆಲ್ಲ ಗೊರಗೊರ. ಒಂಬತ್ತೂವರೆ ಹೊತ್ತಿಗೆ ಆಸ್ಪತ್ರೆ ನಂಬರಿನ ಮುಚ್ಚಳ ಟಪ್ಪಂತ ಬಿತ್ತು. ಯಾರಾದ್ರೂ ಫೋನ್ ಎತ್ತಿದ್ರೆ ಹಂಗೆ ಬೀಳೋದು. ಡಾಕ್ಟರ್ ಸ್ವರ. "ಶಿವಮೊಗ್ಗ ದೊಡ್ಡಾಸ್ಪತ್ರೆ ಕೊಡಮ್ಮ, ಲೈಟ್ನಿಂಗ್ ಹಾಕು." ಲೈಟ್ನಿಂಗ್ ಅಂದ್ರೆ ಬೇರೆ ಎಲ್ಲರ ಫೋನನ್ನೂ ಬದಿಗೆ ಸರಿಸಿ ಕೊಡ್ಬೇಕು, ಜೀವ ಹೋಗೋ ಅಂಥದ್ದಕ್ಕೆ ಮಾತ್ರ. ಕೊಟ್ಟೆ. ಸಿಕ್ತು, ಆದ್ರೆ ಇವರದ್ದು ಅವರಿಗೆ ಕೇಳ್ಸಲ್ಲ, ಅವರದ್ದು ಇವರಿಗೆ ಕೇಳ್ಸಲ್ಲ. ನಡುವೆ ಇರೋ ನಂಗೆ ಮಾತ್ರ ಎರಡೂ ಕೇಳ್ತದೆ. ಅಂಥ ಹೊತ್ತಲ್ಲಿ ಆಪರೇಟರೇ ಮಾತು ದಾಟಿಸ್ಬೇಕು. ಡಾಕ್ಟರ್ ಅಂದ್ರು, "ಸುಟ್ಟಗಾಯ. ಹೆಂಗಸು." ನಾನು ಆ ಕಡೆಗೆ ಜೋರಾಗಿ, "ಸುಟ್ಟಗಾಯ, ಹೆಂಗಸು." "ಎಡಗೈ, ಕುತ್ತಿಗೆ, ಪಕ್ಕೆ." "ಎಡಗೈ, ಕುತ್ತಿಗೆ, ಪಕ್ಕೆ." "ನೈಲಾನ್ ಸೀರೆ. ಕರಗಿ ಮೈಗೆ ಅಂಟಿದೆ, ಬಿಡಿಸೋಕಾಗ್ತಿಲ್ಲ." ಊರಲ್ಲಿ ನೈಲಾನ್ ಸೀರೆ ಉಡೋರು ಎಷ್ಟೋ ಜನ ಇದ್ದಾರೆ, ನಮ್ಮದೇ ಯಾಕಾಗ್ಬೇಕು ಅಂತ ಮನಸ್ಸು ಹೇಳ್ತಿದೆ, ಬಾಯಿ ಹೇಳ್ತಿದೆ, "ನೈಲಾನ್ ಸೀರೆ, ಕರಗಿ ಅಂಟಿದೆ." ಆ ಕಡೆಯೋರು, "ಹೆಸ್ರು, ವಯಸ್ಸು?" ಅಂದ್ರು. ನಾನು ಕೇಳ್ಬೇಕಲ್ಲ. ಕೇಳ್ದೆ. ಡಾಕ್ಟರ್ ಪಕ್ಕದಲ್ಲಿ ಯಾರನ್ನೋ ಕೇಳಿ, "ಗಿರಿಜ ಅಂತೆ, ಟೀಚರು, ಇಪ್ಪತ್ತೆರಡು" ಅಂದ್ರು. ನಾನು ಹೇಳ್ದೆ, "ಗಿರಿಜ." ಆ ಕಡೆಯೋರು, "ಕೇಳ್ಸಲಿಲ್ಲ, ಇನ್ನೊಂದ್ಸಲ ಹೇಳಿ" ಅಂದ್ರು. ಇನ್ನೊಂದ್ಸಲ ಹೇಳ್ದೆ. "ಗಿರಿಜ. ಗಿರಿಜ. ಟೀಚರು." ನನ್ನ ಸ್ವರ ನಂದಲ್ಲ ಅನ್ನಿಸ್ತು.

ಎದ್ದು ಓಡಿಹೋಗ್ಬಹುದಿತ್ತು. ಆದ್ರೆ ಹಾಸಿಗೆ ಇದೆಯಾ ನೋಡಿ ಹೇಳ್ತೀವಿ ಅಂದಿದ್ರು ಶಿವಮೊಗ್ಗದೋರು. ನಾನು ಎದ್ರೆ ಆ ಫೋನು ಎತ್ತೋರಿಲ್ಲ. ಕೂತೆ. ಬೇರೆಯೋರು ಫೋನ್ ಮಾಡ್ತಾನೇ ಇದ್ದಾರೆ, ಅಕ್ಕಿ ಲಾರಿ ಬಂತಾ ಅಂತ ಒಬ್ರು, ಮದುವೆ ಛತ್ರ ಖಾಲಿ ಇದೆಯಾ ಅಂತ ಒಬ್ರು, ಎಲ್ರಿಗೂ ಕೊಟ್ಟೆ. ಕೊನೆಗೆ ಶಿವಮೊಗ್ಗದಿಂದ ಬಂತು, "ಕಳ್ಸಿ." ಆಸ್ಪತ್ರೆಗೆ ಹೇಳ್ದೆ. ಆಮೇಲೆ ಜೀಪೊಂದು ಕಿಟಕಿ ಮುಂದೆನೇ ಹೋಯ್ತು. ಟಾರ್ಪಾಲು ಇಳಿಬಿಟ್ಟಿದ್ರು, ಏನೂ ಕಾಣ್ಲಿಲ್ಲ.

ಮಧ್ಯಾಹ್ನ ಬೇರೆಯೋರು ಬಂದ್ಮೇಲೆ ರೂಮಿಗೆ ಹೋದೆ. ಮನೆ ಯಜಮಾನ್ತಿ ಜಗಲಿಲಿ ಕೂತಿದ್ಲು, ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಅವಳೇ ಕೂಗು ಕೇಳಿ ಓಡಿಬಂದು ಕಂಬಳಿ ಹೊದಿಸಿ ಬೆಂಕಿ ಆರ್ಸಿದ್ದು. "ಸೀರೆ ಎಳ್ದು ಬಿಸಾಡು ಅಂತ ಕೂಗ್ದೆ ಕಣೆ, ಎಳ್ದ್ಲು, ಬರ್ಲಿಲ್ಲ, ಎಷ್ಟೆಳೆದ್ರೂ ಬರ್ಲಿಲ್ಲ" ಅಂತ ಹೇಳಿದ್ದನ್ನೇ ಹೇಳ್ತಿದ್ಲು. ಒಳಗೆ ಸ್ಟೌ ಮಗುಚಿ ಬಿದ್ದಿತ್ತು. ನೆಲದ ಮೇಲೆ ಹಸಿರು ಹನಿ ಹನಿ, ಬಿದ್ದು ಗಟ್ಟಿಯಾಗಿದ್ದು. ಚಾಕು ಹಾಕಿ ಕೆರೆದೆ. ಎಷ್ಟೋ ದಿನ ಕೆರೆದೆ.

ಹದಿನೈದು ದಿನ ಶಿವಮೊಗ್ಗದ ಆಸ್ಪತ್ರೆಗೆ ಹೋಗೋಕೆ ಧೈರ್ಯ ಬರ್ಲಿಲ್ಲ. ಆಮೇಲೆ ಹೋದೆ. ಮಂಚದ ಪಕ್ಕ ಅವಳ ಅಮ್ಮ ಕೂತಿದ್ರು. ಗಿರಿಜ ಕಣ್ಣು ಬಿಟ್ಟು ಮೊದ್ಲು ಕೇಳಿದ್ದು, "ಇನ್‌ಸ್ಪೆಕ್ಟರ್ ಬಂದಿದ್ರಂತಾ?" ಮಳೆಗೆ ಅವರು ಬಂದೇ ಇರ್ಲಿಲ್ಲ. ಹೇಳ್ದೆ. ಅವಳು ಗೋಡೆ ಕಡೆ ನೋಡಿದ್ಲು. ಆಗ ಅವರಮ್ಮ ನನ್ನ ಕಡೆ ತಿರುಗಿ, ಸ್ವರ ಏರಿಸ್ಲಿಲ್ಲ, ನಿಧಾನಕ್ಕೆ ಕೇಳಿದ್ರು. "ನನ್ನ ಮಗಳು ಸೀರೆಗೆ ಪಿನ್ ಹಾಕೋಳಲ್ಲ. ಪಿನ್ ಇದ್ದಿದ್ದಕ್ಕೇ ಸೀರೆ ಬಿಚ್ಚೋಕಾಗ್ಲಿಲ್ಲ ಅಂದ್ರು ಡಾಕ್ಟ್ರು, ಅದನ್ನ ಯಾರು ಹಾಕಿದ್ದಮ್ಮ?"

ನಾನು, "ಅವಳೇ" ಅಂದೆ.

ಹೇಳ್ಬಿಟ್ಟೆ ಅನು. ಯೋಚ್ನೆ ಮಾಡಿ ಹೇಳಿದ್ದಲ್ಲ, ಬಾಯಿಂದ ಬಂದೋಯ್ತು. ಗಿರಿಜ ತಿರುಗಿ ನನ್ನನ್ನೇ ನೋಡಿದ್ಲು. ಅವರಮ್ಮ ಮಗಳನ್ನ ಬೈದ್ರು, "ನಿಂಗ್ಯಾಕೆ ಬೇಕಿತ್ತು ಆ ಷೋಕಿ, ನಿಂಗ್ಯಾಕೆ ಬೇಕಿತ್ತು" ಅಂತ ಹಣೆ ಬಡ್ಕೊಂಡು ಬೈದ್ರು. ಅವಳು ಆ ಸ್ಥಿತಿಲಿ ಮಲಗಿ ಬೈಸ್ಕೊಂಡ್ಲು. ನಾನು ನಿಂತ್ಕೊಂಡು ಕೇಳ್ದೆ.

ಎಂಟು ತಿಂಗಳಾಯ್ತು ಅವಳು ವಾಪಸ್ ಬರೋಕೆ. ಎಡಗೈ ಮೊಣಕೈಯಿಂದ ನೆಟ್ಟಗಾಗ್ತಿರ್ಲಿಲ್ಲ, ಕುತ್ತಿಗೆ ಒಂದು ಕಡೆ ಎಳೆದಿತ್ತು. ಬಂದು ಒಂದು ವಾರಕ್ಕೆ, "ನಡಿಯೆ, ಸಾಗರಕ್ಕೆ ಹೋಗಣ, ನಂಗೆ ಬಟ್ಟೆ ತಗಬೇಕು" ಅಂದ್ಲು. ಬೇರೆ ಅಂಗಡಿ. ಅವಳು ಒಂದೊಂದೇ ಸೀರೆ ಬಿಡಿಸಿ ಸೆರಗಿನ ತುದಿಯಿಂದ ಒಂದು ಎಳೆ ಎಳೆಯೋಳು, ನನ್ನ ಕೈಲಿ ಹಿಡ್ಕೊಳ್ಳೋಕೆ ಹೇಳೋಳು, ಬೆಂಕಿಕಡ್ಡಿ ಗೀರಿ ಹಚ್ಚೋಳು. ಅಂಗಡಿಯೋನು, "ಏನ್ರೀ ಇದು, ಅಂಗಡಿಗೆ ಬೆಂಕಿ ಇಡ್ತೀರಾ?" ಅಂತ ಎದ್ದ. ಆಮೇಲೆ ಅವಳ ಕುತ್ತಿಗೆ ಕಂಡು ಸುಮ್ನೆ ಕೂತ. ಹತ್ತಿ ಎಳೆ ಉರಿದು ಬೂದಿ ಆಗ್ತದೆ, ಊದಿದ್ರೆ ಹಾರೋಗ್ತದೆ. ನೈಲಾನು ಮುದುರಿ ಮಣಿ ಆಗ್ತದೆ. ಅಂಥ ಒಂದು ಮಣಿ ನನ್ನ ಬೆರಳಿಗೆ ಬಿತ್ತು. ಇಷ್ಟೇ ಇಷ್ಟು. ನಾನು ಕಿರುಚ್ದೆ. ಕೊಡವಿದ್ರೂ ಹೋಗಲ್ಲ. ಅವಳು ನೋಡ್ತಾ ಇದ್ಲು. ಅಲ್ಲೇ, ಅಷ್ಟು ಸೀರೆ ಹರಡ್ಕೊಂಡಿರೋ ಕಡೆ, ಹೇಳ್ಬಿಟ್ಟೆ. "ನಿಮ್ಮಮ್ಮನ ಹತ್ರ ಸುಳ್ಳು ಹೇಳ್ದೆ ಕಣೆ."

"ಕೇಳಿಸ್ತಲ್ಲ ನಂಗೂ" ಅಂದ್ಲು.

"ನೀನ್ಯಾಕೆ ಸುಮ್ನಿದ್ದೆ?"

ಸೀರೆ ಮಡಚ್ತಾ ಹೇಳಿದ್ಲು, "ಅಮ್ಮಂಗೆ ಯಾರನ್ನಾದ್ರೂ ಬೈಬೇಕಿತ್ತು. ನನ್ನ ಬೈದ್ರೆ ನಾಳೆ ಮತ್ತೆ ನಂಗೆ ಗಂಜಿ ಕುಡಿಸ್ತಾಳೆ. ನಿನ್ನ ಬೈದಿದ್ರೆ ನೀನು ಮತ್ತೆ ಬರ್ತಿರ್ಲಿಲ್ಲ." ಅಷ್ಟೇ ಅಂದಿದ್ದು. ಆಮೇಲೆ ಅಂಗಡಿಯೋನ ಕಡೆ ತಿರುಗಿ, "ಆ ಕೆಂಪಂಚಿಂದು ಇನ್ನೊಂದು ಇದೆಯೇನ್ರೀ?" ಅಂತ ಕೇಳಿದ್ಲು. ನನ್ನ ಕ್ಷಮಿಸಿದ್ಲೋ ಇಲ್ವೋ ಅಂತ ಇವತ್ತಿಗೂ ಗೊತ್ತಿಲ್ಲ. ಮುಂದಿನ ವಾರನೇ ಅರಳಸುರಳಿಗೆ ಹೋಗಿ ಅವರಮ್ಮನ ಮುಂದೆ ನಿಂತು ನಿಜ ಹೇಳ್ದೆ. ಅವರು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಮತ್ತೆ ಅವರ ಮನೆಗೆ ನಾನು ಹೋಗ್ಲಿಲ್ಲ. ಗಿರಿಜ ಮಾತ್ರ ಬರ್ತಾಳೆ. ನೀವೂ ನೋಡಿದ್ದೀರಲ್ಲ, ಯಾವಾಗ್ಲೂ ತುಂಬುತೋಳಿನ ರವಿಕೆ ಹಾಕೋ ಟೀಚರಜ್ಜಿ. ಅವಳೇ.

ಅದಕ್ಕೇ ಹೇಳೋದು ಅನು. ಬಟ್ಟೆ ಆರಿಸೋವಾಗ ಮದುವೆ ಮನೆಲಿ ನಿಂತಿರೋ ನಿನ್ನನ್ನ ನೆನೆಸ್ಕಬೇಡ. ಯಾವುದೋ ಒಂದು ಮಂಗಳವಾರ, ಬಸ್ಸಿಗೆ ಹೊತ್ತಾಗಿರ್ತದೆ, ಒಲೆ ಮೇಲೆ ಹಾಲು ಉಕ್ತಿರ್ತದೆ, ಓಡಿಬರ್ತೀಯಲ್ಲ, ಆ ನಿನ್ನನ್ನ ನೆನೆಸ್ಕೊಂಡು ತಗೋ.