ಒಂದೇ ಸೀಟಿ

ಸ್ವಲ್ಪ ಹತ್ತಿರ ಬನ್ನಿ. ಇನ್ನೂ ಹತ್ತಿರ. ಆ ಕಿಟಕಿ ಹಾಕಿ ಮೊದಲು... ಗೋಡೆಯ ಆಚೆ ಪಕ್ಕದ ಮನೆಯವಳು ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುತ್ತಾ ಕೂತಿರುತ್ತಾಳೆ, ಅವಳ ಕಿವಿ ಸೂಜಿಗಿಂತ ಚೂಪು. ಇದನ್ನು ನಾನು ಯಾರಿಗೂ ಹೇಳಿಲ್ಲ. ಮೂಲೆ ಮನೆಯವಳಿಗೆ ಹೇಳಿದ್ದೇನೆ, ಹಾಲಿನವನಿಗೆ ಅರ್ಧ ಹೇಳಿದ್ದೇನೆ, ಅಷ್ಟೇ. ನೀವೂ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಆಣೆ ಗೀಣೆ ಬೇಡ, ತಲೆ ಅಲ್ಲಾಡಿಸಿ, ಸಾಕು. ದೀಪ ಮಾತ್ರ ಆರಿಸಬೇಡಿ. ದೆವ್ವದ ಕತೆಗೆ ಕತ್ತಲಿರಬೇಕು ಅನ್ನುವವರು ಅವರವರ ಮನೆಯಲ್ಲಿ ಹೇಳಿಕೊಳ್ಳಲಿ.

ಮೊನ್ನೆ ಮಗಳ ಮನೆಯಿಂದ ಬರುವಾಗ ತಡವಾಯಿತು. ಕೊನೇ ಬಸ್ಸು ದೊಡ್ಡ ರಸ್ತೆಯಲ್ಲಿ ನನ್ನನ್ನು ಇಳಿಸಿ ಹೋಯಿತು. ನಮ್ಮ ಬೀದಿಗೆ ತಿರುಗಿದರೆ... ಬೆಳಕೇ ಇಲ್ಲ. ಕಂಬದ ದೀಪ ಕೆಟ್ಟು ಎಷ್ಟೋ ದಿನವಾಗಿತ್ತು, ಕೇಳುವವರು ಯಾರು? ಚೀಲದಲ್ಲಿ ಟಾರ್ಚ್ ಇತ್ತು. ಒತ್ತಿದೆ. ಟಿಕ್. ಮತ್ತೆ ಒತ್ತಿದೆ. ಟಿಕ್. ಸತ್ತಿತ್ತು. ಹೊಸ ಸೆಲ್ ಹಾಕಿದ್ದೇನೆ ಅಂದಿದ್ದ ಅಳಿಯ. ಅವನ ಮಾತು ಕಟ್ಟಿಕೊಂಡು... ಇರಲಿ.

ಕತ್ತಲಲ್ಲಿ ನನಗೆ ಆಗುವುದಿಲ್ಲ. ಇವತ್ತು ನಿನ್ನೆಯದಲ್ಲ ಅದು. ನಮ್ಮ ಯಜಮಾನರು ಕುಡಿದು ಬಂದರೆ ಮೊದಲು ದೀಪ ಆರಿಸುತ್ತಿದ್ದರು. ಆರಿಸಿದ ಮೇಲೆ ಕೈ ಯಾವ ಕಡೆಯಿಂದ ಬರುತ್ತದೆ ಅಂತ ಗೊತ್ತಾಗುವುದಿಲ್ಲ ನೋಡಿ... ಬಿಡಿ. ಸತ್ತವರ ವಿಷಯ. ಕತೆ ಅವರದಲ್ಲ.

ಗೋಡೆ ಸವರಿಕೊಂಡು ನಡೆದೆ. ಬೀದಿಯ ಬಾಯಲ್ಲೇ ಒಂದು ಹಾಳು ಬಾವಿ. ಮೇಲೆ ಕಬ್ಬಿಣದ ಜಾಲರಿ, ಜಾಲರಿಗೆ ಬೀಗ, ಬೀಗಕ್ಕೆ ತುಕ್ಕು. ಅಲ್ಲಿಗೆ ಗೋಡೆ ಮುಗಿಯುತ್ತದೆ, ನಮ್ಮ ಸಾಲಿಗೆ ಹೋಗಲು ರಸ್ತೆ ದಾಟಬೇಕು. ದಾಟೋಣ ಅಂತ ಕಾಲು ಎತ್ತಿದೆ. ಆಗ ಕೇಳಿಸಿತು...

ಫ್ಸ್ಸ್... ಪ್ರೀ.

ಮೊದಲು ಬರೀ ಗಾಳಿ, ಆಮೇಲೆ ಸ್ವರ. ಒಂದೇ ಸಲ. ಬಾವಿಯ ಒಳಗಿಂದ.

ಅದು ಯಾರ ಸೀಟಿ ಅಂತ ನನಗೆ ಗೊತ್ತು. ಗೊತ್ತಿದ್ದರಿಂದಲೇ ಮೈಯೆಲ್ಲ ಮರಗಟ್ಟಿತು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಲ್ಲಿಯವರೆಗೆ ನಾನು ಬಾವಿಯ ಹತ್ತಿರ ಒಂಟಿ ಕಾಲಲ್ಲಿ ನಿಂತಿರುತ್ತೇನೆ, ನೀವು ಆರಾಮವಾಗಿ ಕೂತು ಕೇಳಿ.

ನನ್ನ ಪಕ್ಕದ ಮನೆಯವನು ಬಸ್ ಕಂಡಕ್ಟರ್. ಬೀದಿ ಮಕ್ಕಳೆಲ್ಲ ಅವನನ್ನು ಸೀಟಿ ಮಾಮ ಅನ್ನುತ್ತಿದ್ದವು. ಕೆಲಸ ಮುಗಿಸಿ ಬಂದವನು ಬಟ್ಟೆ ಕೂಡ ಬದಲಿಸದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಸ್ಸು ಮಾಡುತ್ತಿದ್ದ. ಎರಡು ಸೀಟಿ ಹೊಡೆದರೆ ಹೊರಡಬೇಕು, ಒಂದು ಹೊಡೆದರೆ ಅಲ್ಲೇ ನಿಲ್ಲಬೇಕು. ಹಳೇ ಸೀಟಿ, ಬಾಯಿಯ ಹತ್ತಿರ ಬಿರುಕು. ಊದಿದರೆ ಮೊದಲು ಗಾಳಿ ಸೋರಿ ಆಮೇಲೆ ಕೂಗುತ್ತಿತ್ತು. "ಹೊಸದು ತಗೊಳ್ಳೋ ಜಿಪುಣ" ಅಂದರೆ, "ಇದಕ್ಕೆ ನನ್ನ ಬಾಯಿ ಅಭ್ಯಾಸ ಆಗಿದೆ ದೊಡ್ಡಮ್ಮ" ಅನ್ನುತ್ತಿದ್ದ. ಹೆಂಡತಿಯ ಮೇಲೆ ಒಂದು ದಿನವೂ ದನಿ ಎತ್ತಿದ್ದು ನಾನು ಕೇಳಿಲ್ಲ, ಗೋಡೆಗೆ ಲೋಟ ಇಟ್ಟು ಕೇಳಿದರೂ.

ಒಂದು ಸಂಜೆ ಬಸ್ಸಿನಲ್ಲಿ ವಿಪರೀತ ನೂಕುನುಗ್ಗಲು. ಒಂದು ಸ್ಟಾಪಿನಲ್ಲಿ ಜನ ಇಳಿದರು. "ಎಲ್ಲಾ ಇಳಿದ್ರಾ?" ಅಂತ ಕೇಳಿದ. "ಹೂಂ, ಹೋಗ್ಲಿ ಹೋಗ್ಲಿ, ಲೇಟಾಯ್ತು" ಅಂತ ಹಿಂದಿನಿಂದ ಯಾರೋ ಕೂಗಿದರು. ಎರಡು ಸೀಟಿ ಹೊಡೆದ. ಬಸ್ಸು ಹೊರಟಿತು. ಹಿಂದಿನ ಬಾಗಿಲಲ್ಲಿ ಒಬ್ಬ ಹೆಂಗಸು... ಕೈಯಲ್ಲಿ ತರಕಾರಿ ಚೀಲ, ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ. ಅವನು ನೋಡಿದ. ನೋಡಿದವನೇ ನಿಲ್ಲಿಸು ಅಂತ ಒಂದು ಸೀಟಿ ಊದಿದ. ಆದರೆ ಆ ಹಾಳು ಸೀಟಿ ಮೊದಲು ಗಾಳಿ ಬಿಟ್ಟು ಆಮೇಲೆ ತಾನೇ ಕೂಗುವುದು...

ಅಷ್ಟರಲ್ಲಿ ಚಕ್ರ ಹತ್ತಿ ಇಳಿದಿತ್ತು.

ನನಗೆ ಮೈ ಉರಿಯುವುದು ಇಲ್ಲಿಂದ. ಆ ಬಸ್ಸನ್ನು ವರ್ಕ್‌ಶಾಪಿಗೆ ಕಳಿಸಿದರು. ತೊಳೆದರು, ಬ್ರೇಕು ನೋಡಿದರು, ಚಕ್ರ ಬಿಚ್ಚಿ ನೋಡಿದರು, ವಾರಗಟ್ಟಲೆ ನಿಲ್ಲಿಸಿಕೊಂಡರು. ಇವನಿಗೆ? ಎರಡು ದಿನ ರಜೆ. ಆಮೇಲೆ ಬೇರೆ ಬಸ್ಸು, ಆದರೆ ಅದೇ ರೂಟು, ಅದೇ ಸ್ಟಾಪು. ಡಿಪೋ ಮ್ಯಾನೇಜರ್ ಹೆಗಲು ತಟ್ಟಿ, "ಈ ಕೆಲಸದಲ್ಲಿ ಇದೆಲ್ಲ ಇದ್ದದ್ದೇ, ಗಂಡಸು ತಾನೇ ನೀನು" ಅಂದನಂತೆ. ತಗಡಿಗೆ ತಪಾಸಣೆ, ಮನುಷ್ಯನಿಗೆ ಹೆಗಲು ತಟ್ಟುವುದು! ಆ ಕೈ ಸೇದಿಹೋಗ!

ಆಮೇಲೆ ಇವನು ಪ್ರತಿ ಸ್ಟಾಪಿನಲ್ಲೂ ಇಳಿದು, ಬಗ್ಗಿ, ಚಕ್ರದ ಕೆಳಗೆ ನೋಡತೊಡಗಿದ. ಹತ್ತಿ ಬಾಗಿಲು ಹಾಕಿದವನು ಮತ್ತೆ ಇಳಿದು ನೋಡುತ್ತಿದ್ದ. ಜನ ಬಾಯಿಗೆ ಬಂದ ಹಾಗೆ ಬೈದರು. ಬಸ್ಸು ತಡವಾಯಿತು ಅಂತ ಮೆಮೋ ಕೊಟ್ಟರು, ಕೊನೆಗೆ ಮನೆಗೇ ಕಳಿಸಿದರು. ಮನೆಯಲ್ಲಿ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದ. ಮಕ್ಕಳು ಓಡಿದರೆ ಬೆವರುತ್ತಿದ್ದ. ಎಲ್ಲೋ ಗಾಡಿ ಸ್ಟಾರ್ಟ್ ಆದರೆ ತಟ್ಟೆ ಬಿಟ್ಟು ಎದ್ದು ಓಡುತ್ತಿದ್ದ. ಇನ್ನು ರಾತ್ರಿ, ಎಲ್ಲರೂ ಮಲಗಿದ ಮೇಲೆ... ಫ್ಸ್ಸ್... ಪ್ರೀ. ಒಂದೇ ಸೀಟಿ. ನಿದ್ದೆಯಲ್ಲೇ ಊದುತ್ತಿದ್ದ.

ಸತ್ತ ಹೆಂಗಸು ಅವನ ಬೆನ್ನು ಹತ್ತಿ ಬಂದಿದ್ದಾಳೆ ಅಂತ ಬೀದಿಯವರು ತೀರ್ಮಾನ ಮಾಡಿದರು. "ಟಿಕೆಟ್ ತಗೊಳ್ಳದೆ ಬಂದವಳು, ಇಳಿಸೋದು ಹೇಗೆ?" ಅಂತ ಹಾಲಿನವನ ಹಾಸ್ಯ ಬೇರೆ.

ಹೆಂಡತಿ ಇದ್ಯಾವುದಕ್ಕೂ ಕಿವಿಗೊಡಲಿಲ್ಲ. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರಮ್ಮ ಹೇಳಿದರಂತೆ: "ಕಾಲು ಮುರಿದವನನ್ನ ಓಡು ಅಂತೀರಾ? ಇದೂ ಹಾಗೇನೇ, ಪೆಟ್ಟು ಒಳಗೆ ಬಿದ್ದಿದೆ. ಎಲ್ಲರಿಗೂ ಆ ಸಂಜೆ ಮುಗಿದು ಹೋಯ್ತು, ಇವರಿಗೆ ಇನ್ನೂ ಮುಗಿದಿಲ್ಲ. ಮಾತ್ರೆ ಕೊಡ್ತೀನಿ. ಕೂತು ಮಾತಾಡೋದೂ ಬೇಕು. ವಾರವಾರ ಕರ್ಕೊಂಡು ಬನ್ನಿ." ಅವನು ಬಸ್ಸು ಹತ್ತಲಾರ. ಅಷ್ಟು ದೂರ ಗಂಡ ಹೆಂಡತಿ ನಡೆದೇ ಹೋಗಿ ನಡೆದೇ ಬರುತ್ತಿದ್ದರು.

ಅಷ್ಟರಲ್ಲಿ ವಕ್ಕರಿಸಿದ ನೋಡಿ ಅವನ ಅಣ್ಣ. ಮಾತೆತ್ತಿದರೆ ಮಾನ ಮರ್ಯಾದೆ ಅನ್ನುವ ಜಾತಿ. ಮಗಳಿಗೆ ಗಂಡು ನೋಡುತ್ತಿದ್ದ, ಹುಡುಗಿಯ ಚಿಕ್ಕಪ್ಪ ಮನಸ್ಸಿನ ಡಾಕ್ಟರ ಹತ್ತಿರ ಹೋಗುತ್ತಾನೆ ಅಂತ ಗೊತ್ತಾದರೆ ಏನು ಗತಿ? ಅದೇ ಅವನ ಸಂಕಟ.

"ಇದು ಆಸ್ಪತ್ರೆ ಕಾಯಿಲೆ ಅಲ್ಲಮ್ಮ, ಗಾಳಿ. ಬಿಡಿಸೋನು ಒಬ್ಬ ನನಗೆ ಗೊತ್ತು. ಒಂದು ತಿಂಗಳು ಕಟ್ಟಿಹಾಕಿ ಇಟ್ಕೋತಾನೆ, ಸರಿಹೋಗುತ್ತೆ" ಅಂದ.

"ಕಟ್ಟಿಹಾಕೋದಾ ಭಾವ?"

"ಸರಪಳಿ ಅಷ್ಟೇ. ಹೊಡೆಯೋದು ಜಾಸ್ತಿ ಇರಲ್ಲ."

ಜಾಸ್ತಿ ಇರಲ್ಲವಂತೆ! ಅಳೆದು ತೂಗಿ ಹೊಡೆಯುತ್ತಾರೇನೋ!

ಅವಳು ಎದ್ದಳು. ಗಂಡನ ಕುತ್ತಿಗೆಯಿಂದ ಸೀಟಿ ಬಿಚ್ಚಿದಳು. ನಾವೆಲ್ಲ ನೋಡುತ್ತಿದ್ದ ಹಾಗೆಯೇ ಬಾವಿಯ ಹತ್ತಿರ ಹೋಗಿ ಜಾಲರಿಯ ಸಂದಿಯಿಂದ ಒಳಗೆ ಬಿಟ್ಟಳು. ಬುಳುಕ್.

"ದೆವ್ವ ಹೋಯ್ತು ಭಾವ. ಇನ್ನು ನನ್ನ ಗಂಡನ್ನ ಮುಟ್ಟಬೇಡಿ."

ಅವತ್ತಿನಿಂದ ರಾತ್ರಿ ಸೀಟಿ ಇಲ್ಲ. ಅವನು ಮಾತ್ರೆ ನುಂಗಿ ಮಲಗುತ್ತಿದ್ದ. ಅಣ್ಣನೂ ಆ ಕಡೆ ತಲೆ ಹಾಕಲಿಲ್ಲ.

ಈಗ ಅರ್ಥವಾಯಿತಲ್ಲ, ಬಾವಿಯೊಳಗಿಂದ ಅದೇ ಬಿರುಕು ದನಿ ಬಂದರೆ ನನ್ನ ಗತಿ ಏನಾಗಿರಬೇಡ? ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟೆ. ಮಕ್ಕಳ ಆಟ ನೋಡಿ ನೋಡಿ ನನ್ನ ಕಾಲಿಗೂ ರೂಢಿಯಾಗಿತ್ತೋ ಏನೋ. ಒಂದು ಸೀಟಿ ಅಂದರೆ ನಿಲ್ಲು. ನಿಂತೆ...

ಸುಯ್ಯ್ ಅಂತ ಮೂಗಿನ ಮುಂದೆಯೇ ಏನೋ ಹಾಯಿತು. ದೀಪ ಇಲ್ಲ, ಇಂಜಿನ್ನಿನ ಸದ್ದೂ ಇಲ್ಲ. ಕೀಂಚ್! ಅಂತ ನಿಂತಿತು. ಇಳಿಜಾರಿನಲ್ಲಿ ಇಂಜಿನ್ ಆರಿಸಿಕೊಂಡು ಬಿಟ್ಟುಕೊಂಡು ಬಂದ ವ್ಯಾನು. ಅದರ ಕನ್ನಡಿ ತಾಗಿ ಚೀಲ ಕೈಯಿಂದ ಹಾರಿಹೋಗಿತ್ತು. ಒಂದೇ ಒಂದು ಹೆಜ್ಜೆ ಇಟ್ಟಿದ್ದರೆ...

"ಯಾರೋ ಅದು?" ಒಬ್ಬ ಪಿಸುಗುಟ್ಟಿದ.

"ಯಾವುದೋ ಮುದುಕಿ. ಸುಮ್ನೆ ನಡಿ, ಬೀದಿಯವರು ಎದ್ದುಬಿಡ್ತಾರೆ."

ಆ ದನಿ ಅಣ್ಣನದು! ವ್ಯಾನಿನೊಳಗೆ ಇನ್ನೂ ಇಬ್ಬರು. ಒಬ್ಬನ ಮಡಿಲಿಂದ ಏನೋ ಜಣಜಣ ಅಂತ ಜಾರಿತು. ಸರಪಳಿ.

ನನ್ನ ಹೆದರಿಕೆ ಎಲ್ಲಿ ಹೋಯಿತೋ! ಕಾಲಿಂದ ತಲೆಯವರೆಗೆ ಬೆಂಕಿ ಹತ್ತಿತು.

"ಏಳ್ರೋ! ಏಳ್ರೇ! ಒಡಹುಟ್ಟಿದವನನ್ನ ನಾಯಿ ಥರ ಕಟ್ಟಿ ಒಯ್ಯೋಕೆ ಕಳ್ಳನ ಹಾಗೆ ಬಂದಿದ್ದಾನೆ, ನೋಡ್ರೋ!"

ಈ ಬೀದಿಯಲ್ಲಿ ನನ್ನ ಗಂಟಲಿಗೆ ಸರಿಸಾಟಿ ಇಲ್ಲ. ಟಕಟಕ ಅಂತ ಚಿಲಕ ತೆಗೆದರು, ಮನೆಮನೆಯಲ್ಲೂ ದೀಪ ಹತ್ತಿತು.

"ದೊಡ್ಡಮ್ಮ, ಇದು ಮನೆ ವಿಷಯ. ಬೀದಿಗೆ ತರಬೇಡಿ" ಅಂದ ಅಣ್ಣ, ಹಲ್ಲು ಕಚ್ಚಿಕೊಂಡು.

"ನಾನು ತಂದೆನಾ? ನೀನೇ ವ್ಯಾನಲ್ಲಿ ಹಾಕ್ಕೊಂಡು ತಂದಿದ್ದೀಯಲ್ಲೋ! ಹಗಲು ಹೊತ್ತು ಬರೋಕೆ ಮುಖ ಇರಲಿಲ್ವಾ? ನಿನ್ನ ಮರ್ಯಾದೆ ಅಷ್ಟು ದೊಡ್ಡದಾದ್ರೆ ಆ ಸರಪಳೀನ ಅದಕ್ಕೇ ಕಟ್ಟಿಕೋ!"

ಸೀಟಿ ಮಾಮನ ಹೆಂಡತಿ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಅಣ್ಣ ಹಿಂದೆ ಸರಿದ.

ವ್ಯಾನಿನ ಡ್ರೈವರ್ ಬಾಡಿಗೆಗೆ ಬಂದವನು, ದೀಪ ಇಂಜಿನ್ ಆರಿಸು ಅಂದಿದ್ದಕ್ಕೆ ಆರಿಸಿದ್ದ, ಇದ್ಯಾವುದೂ ಗೊತ್ತಿರಲಿಲ್ಲ ಪಾಪ. ಇಳಿದು ನನ್ನ ಹತ್ತಿರ ಬಂದ. ಹಾರಿಹೋಗಿದ್ದ ಚೀಲ ಎತ್ತಿ ಕೊಟ್ಟ.

"ಅಜ್ಜಿ, ನೀವು ನನಗೆ ಕಾಣಿಸಲೇ ಇಲ್ಲ. ಸೀಟಿ ಕೇಳಿ ಬ್ರೇಕ್ ಹಾಕಿದೆ... ಯಾರು ಹೊಡೆದಿದ್ದು?"

ಬೀದಿಯಲ್ಲಿ ಬೇರೆ ಒಬ್ಬರಿಗೂ ಅದು ಕೇಳಿಸಿರಲಿಲ್ಲ. ನನಗೆ, ಅವನಿಗೆ, ಇಬ್ಬರಿಗೇ. ನಾನೇ ಒಳಗೆ ಹೋಗಿ ನೋಡಿದೆ. ಸೀಟಿ ಮಾಮ ಗೋಡೆ ಕಡೆ ತಿರುಗಿ ಮಾತ್ರೆಯ ಗಾಢ ನಿದ್ದೆಯಲ್ಲಿದ್ದ. ಬಾವಿಯ ಬೀಗವನ್ನೂ ಮುಟ್ಟಿ ನೋಡಿದೆ, ತುಕ್ಕು ಕೈಗೆ ಬಂತು. ನಡೆದದ್ದು ನಡೆದ ಹಾಗೆ ಹೇಳುತ್ತಿದ್ದೇನೆ. ನಂಬದವರು ಆ ಡ್ರೈವರನ್ನು ಹುಡುಕಿ ಕೇಳಲಿ.

ಮರುದಿನ ನಲ್ಲಿಯ ಹತ್ತಿರ ನಾಲ್ಕು ಜನಕ್ಕೆ ಹೇಳುತ್ತಿದ್ದೆ. ನಲ್ಲಿಯ ಹತ್ತಿರ ಹೇಳಿದ್ದು ಹೇಳಿದ ಲೆಕ್ಕಕ್ಕೆ ಬರುವುದಿಲ್ಲ. ಊದಿದ್ದು ಆ ಸತ್ತ ಹೆಂಗಸೇ, ಇನ್ನೊಬ್ಬರು ತನ್ನ ಹಾಗೆ ಸಾಯಬಾರದು ಅಂತ ಬಾವಿಯಲ್ಲಿ ಕಾದು ಕೂತಿದ್ದಾಳೆ ಅನ್ನುತ್ತಿದ್ದೆ. ಸೀಟಿ ಮಾಮನ ಹೆಂಡತಿ ಬಕೆಟ್ ಕೆಳಗಿಟ್ಟು ನೇರ ನನ್ನ ಮುಂದೆ ಬಂದು ನಿಂತಳು. ಗಂಡನನ್ನು ಉಳಿಸಿಕೊಟ್ಟವಳು ನಾನು, ಕೈ ಮುಗಿಯುತ್ತಾಳೆ ಅಂದುಕೊಂಡೆ. ಕೈ ಮುಗಿಯಲಿಲ್ಲ.

"ದೊಡ್ಡಮ್ಮ, ನಾನು ಈ ಬೀದಿಗೆ ಬಂದಾಗಿನಿಂದ ನಿಮ್ಮ ಮನೆ ದೀಪ ಒಂದು ರಾತ್ರಿನೂ ಆರಿದ್ದು ನೋಡಿಲ್ಲ. ದೊಡ್ಡಪ್ಪ ಹೋಗಿ ಇಷ್ಟು ವರ್ಷ ಆದ್ಮೇಲೂ. ಅದನ್ನ ಯಾರಾದ್ರೂ ದೆವ್ವ ಅಂದ್ರಾ?"

ನಾಲ್ಕು ಜನರೂ ನನ್ನನ್ನೇ ನೋಡಿದರು. ನಲ್ಲಿಯ ಕೆಳಗೆ ಯಾರದೋ ಕೊಡ ತುಂಬಿ ಚೆಲ್ಲುತ್ತಿತ್ತು... ಯಾರೂ ನಿಲ್ಲಿಸಲಿಲ್ಲ.

ಅವಳು ಬಕೆಟ್ ಎತ್ತಿಕೊಂಡಳು.

"ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೊರಡ್ತೀವಿ. ನಿಮ್ಮ ವಿಷಯಾನೂ ಡಾಕ್ಟರಮ್ಮನಿಗೆ ಹೇಳಿಟ್ಟಿದ್ದೀನಿ. ನಡ್ಕೊಂಡೇ ಹೋಗೋದು... ಗಟ್ಟಿ ಚಪ್ಪಲಿ ಹಾಕ್ಕೊಂಡು ಬನ್ನಿ."