ನಿಲ್ಲಿಸದೆ ಬಿಟ್ಟ ಗಡಿಯಾರ

ದೀಪ ಸ್ವಲ್ಪ ಸಣ್ಣ ಮಾಡಿ. ನಗೋರು ಈಗಲೇ ನಕ್ಕು ಮುಗಿಸಿಬಿಡಿ, ನಡುವೆ ಕಿಸಿಕಿಸಿ ಅಂದರೆ ನಾನು ಎದ್ದು ಹೋಗ್ತೀನಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ದೊಡ್ಡಪ್ಪನ ಮಗಳು ಅಲೀನ್‌ಗೆ ಆದದ್ದು.

ಆ ರಾತ್ರಿ ಅಲೀನ್ ತಂಗಿಯ ಬಾಣಂತನ ನೋಡಿಕೊಂಡು ಒಬ್ಬಳೇ ಮನೆಗೆ ಬರ್ತಿದ್ದಳು. ಹಿಮ ಬಿದ್ದು ನಿಂತಿತ್ತು. ಕಾಲಡಿ ಕರುಕ್... ಕರುಕ್... ಅದೊಂದೇ ಸದ್ದು. ಊರ ನಡುವೆ ಲಿಂಡನ್ ಮರ, ಅದರ ಬುಡದಲ್ಲಿ ಕಲ್ಲಿನ ತೊಟ್ಟಿ. ತೊಟ್ಟಿ ಹೆಪ್ಪುಗಟ್ಟಿದ್ದರೂ ಕೊಳವೆಯಿಂದ ಸುರ್ರ್ ಅಂತ ಎಳೆಯಷ್ಟು ನೀರು ಸುರೀತಿತ್ತು. ಅಲ್ಲಿಗೆ ಬಂದಾಗ ಕೇಳಿಸ್ತು.

ಟಂಗ್... ಟಂಗ್... ಆಮೇಲೆ ಹಗುರವಾಗಿ, ಟಿಂಗ್‌ಟಂಗ್.

ಅವಳು ಗಕ್ಕನೆ ನಿಂತಳು. ಗುಂಡಿ ಒತ್ತಿದರೆ ಕತ್ತಲಲ್ಲೂ ಹೊತ್ತು ಬಡಿದು ಹೇಳೋ ಚಿನ್ನದ ಜೇಬುಗಡಿಯಾರ ಅದು. ಊರಲ್ಲಿ ಅಂಥದ್ದು ಒಂದೇ. ಅದು ಅವಳ ಮನೆಯಲ್ಲಿ, ತೀರಿಹೋದ ಮಾವನ ಕೆಲಸದ ಬೆಂಚಿನ ಮೇಲಿನ ಕೊಕ್ಕೆಯಲ್ಲಿ ಇರಬೇಕಿತ್ತು.

ಅದರ ಕತೆ ಹೇಳದೆ ಮುಂದೆ ಹೋಗೋಕಾಗಲ್ಲ. ನಮ್ಮ ಜುರಾ ಬೆಟ್ಟದ ಕಣಿವೆಯಲ್ಲಿ ಬೇಸಿಗೆಗೆ ಹಸು, ಚಳಿಗಾಲಕ್ಕೆ ಗಡಿಯಾರದ ಕೆಲಸ, ಅಷ್ಟೇ ಬದುಕು. ಅಲೀನ್‌ಳ ಮಾವ ಅಬ್ರಾಮ್, ಆತನ ತಾತ ಆ ಬೆಂಚಲ್ಲೇ ಕೂತು ಮಾಡಿದ ಗಡಿಯಾರ ಅದು. ಚಿನ್ನದ ಮುಚ್ಚಳದ ಮೇಲೆ ಗಾಜಿನಂಥ ಕಡುನೀಲಿ ಬಣ್ಣ, ಸುತ್ತ ಸಾಸಿವೆಯಷ್ಟು ಮುತ್ತು, ನಡುವೆ ಹಕ್ಕಿಯ ಪಂಜರದ ಬಾಗಿಲು ತೆರೀತಿರೋ ಒಬ್ಬ ಹೆಂಗಸು. ಯಾರ್ಯಾರದೋ ಜೇಬಲ್ಲಿ ದೇಶದೇಶ ಸುತ್ತಿ, ಜಿನೀವಾದ ವ್ಯಾಪಾರಿಯೊಬ್ಬನ ಕೈಸೇರಿ, ರಿಪೇರಿಗೆ ಅಂತ ಅದೇ ಬೆಂಚಿಗೆ ವಾಪಸ್ ಬಂತು. ಮುದುಕ ಅದನ್ನ ಕಣ್ಣಿಗೆ ಒತ್ತಿಕೊಂಡು ಅತ್ತ. "ಇನ್ನು ಇದನ್ನ ಬಿಟ್ಟು ನಾನು ಎಲ್ಲಿಗೂ ಹೋಗಲ್ಲ" ಅಂದ. ರಿಪೇರಿ ಮುಗಿಸಿ ಕೊಕ್ಕೆಗೆ ನೇತುಹಾಕಿದವನು ಅದರ ಕೆಳಗೇ ಪ್ರಾಣ ಬಿಟ್ಟ.

ಒಳ್ಳೇ ಮುದುಕ, ನಾಲಿಗೆ ಮಾತ್ರ ಖಾರ. ಎಲ್ಲ ಕೆಲಸ ಎಡಗೈಯಲ್ಲೇ. ಸೊಸೆ ನಮ್ಮ ಕಣಿವೆಯ ಸರೋವರದ ಆಚೆ ದಡದ ಊರಿನವಳು ಅಂತ ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ.

"ಆಚೆ ದಡದವಳೇ, ಇದು ಕಾಫಿನೋ, ಪಾತ್ರೆ ತೊಳೆದ ನೀರೋ?"

"ಪಾತ್ರೆ ತೊಳೆದ ನೀರೇ ಮಾವ, ನೀವು ನೆಕ್ಕಿಟ್ಟ ತಟ್ಟೇದು."

ಇಬ್ಬರೂ ನಗೋರು.

ಸಾವಾದ ಮನೆಯಲ್ಲಿ ಗಡಿಯಾರ ನಿಲ್ಲಿಸಬೇಕು. ಇಲ್ಲದಿದ್ದರೆ ಹೋದವರು ಹೋಗೋದಿಲ್ಲ, ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅಲೀನ್ ಎಲ್ಲವನ್ನೂ ನಿಲ್ಲಿಸಿದಳು. ಕೊಕ್ಕೆಯದಕ್ಕೆ ಕೈ ಹಾಕಿದಾಗ ಗಂಡ ಒರೆಲ್ ತಡೆದ.

"ಬೇಡ ಕಣೇ. ಓಟ ಸರಿ ಇದೆಯಾ ಅಂತ ಪರೀಕ್ಷೆಗೆ ಹಾಕಿರೋದು. ನಿಂತರೆ ಮೊದಲಿಂದ ಶುರು ಮಾಡಬೇಕು."

"ರೀ, ಶಾಸ್ತ್ರ ಅಂತ ಒಂದಿದೆ..."

"ಅಪ್ಪನ ಕೊನೇ ಕೆಲಸ. ನಿಲ್ಲಿಸಿದರೆ ಅಪ್ಪನೇ ಎದ್ದು ಬಂದು ಬೈತಾರೆ."

ಗಡಿಯಾರದವರ ಬುದ್ಧಿ ನೋಡಿ! ಬೇರೆ ಯಾರಾದರೂ ಇಂಥ ತಪ್ಪು ಮಾಡ್ತಿದ್ದರಾ?

ಮಣ್ಣಾದ ಮೇಲೆ ಒರೆಲ್ ಮಂಕಾದ. ಕರೆದರೆ ಓಗೊಡೋಲ್ಲ. ನಿದ್ದೆಯಲ್ಲೇ ಎದ್ದು ಬೆಂಚಿಗೆ ಹೋಗಿ ಕೂರೋನು. ಹುಟ್ಟಾ ಬಲಗೈಯವನು, ಒಂದು ಸಂಜೆ ಎಡಗೈಯಲ್ಲಿ ಚಮಚ ಹಿಡಿದ. ಅಲೀನ್ ನೋಡಿದಳು, ಇನ್ನೊಂದು ಸೌಟು ಬಡಿಸಿದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ ಪಾಪ, ಅವನೆಂದರೆ ಅವಳಿಗೆ ಜೀವ.

ಆ ರಾತ್ರಿ ಅವನೇ ತೊಟ್ಟಿಯ ಪಕ್ಕ ಮರದ ಕೆಳಗೆ ನಿಂತಿದ್ದ. ಅಪ್ಪನ ಕೋಟು, ಅಪ್ಪನ ಬೂಟು. ಎಡಗೈಯಲ್ಲಿ ಗಡಿಯಾರಕ್ಕೆ ಕೀಲಿ ಕೊಡ್ತಿದ್ದ. ಕಿರ್ರ್... ಕಿರ್ರ್...

"ರೀ..." ಪಿಸುಗುಟ್ಟಿದಳು. "ಇಷ್ಟೊತ್ತಲ್ಲಿ ಇಲ್ಲೇನು ಮಾಡ್ತಿದೀರಿ?"

"ನಡಿ ಮನೆಗೆ."

ಅಷ್ಟೇ. ಮುಂದೆ ಅವನು, ಹಿಂದೆ ಇವಳು. ತೊಟ್ಟಿ ದಾಟಿದ್ದೇ ತಡ, ಬೆನ್ನ ಹಿಂದೆ ಮೆಲ್ಲಗೆ... "ಅಲೀನ್..."

ತಿರುಗಲಿಲ್ಲ. ಅಜ್ಜಿ ಹೇಳಿದ್ದು ನೆನಪಿತ್ತು. ಸತ್ತವರು ನಮಗೆ ಬೇಕಾದವರ ದನಿಯಲ್ಲೇ ಕರೀತಾರೆ, ತಿರುಗಿದರೆ ಕೆಟ್ಟಿರಿ. ಜೀವ ಬಿಗಿಹಿಡಿದು ಮನೆ ಸೇರಿ ಚಿಲಕ ಹಾಕಿದಳು. ಖಟ್.

ಅವನು ಬೂಟು ಸಮೇತ ಹಾಸಿಗೆಗೆ ಬಿದ್ದ. ಮುಟ್ಟಿದರೆ ಮೈ ತಣ್ಣಗೆ ಕೊರೀತಿತ್ತು. ಮುಷ್ಟಿಯಲ್ಲಿ ಗಡಿಯಾರ, ಟಿಕ್ ಟಿಕ್ ಟಿಕ್... ಅಲೀನ್ ಮಂಡಿಯೂರಿ ಕೂತಳು.

"ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ನನಗೆ ಇವರು ಬಿಟ್ಟರೆ ಯಾರಿದ್ದಾರೆ? ಬಿಟ್ಟುಬಿಡಿ ಇವರನ್ನ..."

 ಒಂದೊಂದೇ ಬೆರಳು ಬಿಡಿಸಿ ಗಡಿಯಾರ ಕಿತ್ತುಕೊಂಡಳು. ಹಿಂದಿನ ಮುಚ್ಚಳ ತೆಗೆದಳು. ಒಳಗೆ ಪುಟ್ಟ ಚಕ್ರ ಅತ್ತಿತ್ತ ಆಡ್ತಿತ್ತು. ಅಂಥ ಚಕ್ರಗಳ ಅಚ್ಚು ಉಜ್ಜಿ ನುಣುಪು ಮಾಡೋದೇ ಅವಳ ಕಸುಬು, ಎಲ್ಲಿ ತಡೆದರೆ ನಿಲ್ಲುತ್ತೆ ಅಂತ ಗೊತ್ತು. ತಲೆಯಿಂದ ಒಂದು ಕೂದಲು ಕಿತ್ತಳು.

ಆಗ... ಬಾಗಿಲು. ಟಕ್. ಟಕ್.

"ಅಲೀನ್, ಬಾಗಿಲು ತೆಗಿಯೇ. ಚಳಿ ಕಣೇ."

ಒರೆಲ್‌ನ ದನಿ! ಹಾಸಿಗೆ ನೋಡಿದಳು. ಒರೆಲ್ ಅಲ್ಲೇ ಮಲಗಿದ್ದಾನೆ.

"ಮಾವ... ಮಗನ ದನಿಯನ್ನೂ ಕದ್ದಿರಾ?"

"ನಾನೇ ಕಣೇ. ದಮ್ಮಯ್ಯ, ಅದನ್ನ ನಿಲ್ಲಿಸಬೇಡ... ನಾನಿನ್ನೂ ಒಳಗೆ ಬಂದಿಲ್ಲ."

ಚಿಲಕ ಕಿಟಕಿಟ ಅಂತ ಅಲ್ಲಾಡಿತು.  ಗಡಿಯಾರ ನಿಲ್ಲೋದು ಯಾರಿಗೆ ಬೇಡ? ಮುದುಕನಿಗೇ ತಾನೇ? ಅವಳು ಹಾಗೇ ಅಂದುಕೊಂಡಳು. ನೀವಾದರೂ ಹಾಗೇ ಅಂದುಕೊಳ್ತಿದ್ದಿರಿ. ಕಣ್ಣು ಮುಚ್ಚಿ ಕೂದಲನ್ನ ಚಕ್ರದ ನಡುವೆ ತೂರಿಸಿದಳು.

ಟಿಕ್... ಟಿ...

ಹೊರಗೆ "ಅಲೀ..." ಅಂತ ಬಂದ ಕೂಗು ಅರ್ಧಕ್ಕೇ ನಿಂತಿತು.

ಅವಳು ಬಿಕ್ಕಿಬಿಕ್ಕಿ ಅತ್ತಳು, ಸದ್ಯ ಗಂಡ ಉಳಿದನಲ್ಲ ಅಂತ. ಬೆಳಗಿನವರೆಗೂ ಅವನ ಅಂಗಾಲು ಉಜ್ಜಿದಳು. ಮೈ ಬೆಚ್ಚಗಾಯಿತು, ಮುಖಕ್ಕೆ ರಕ್ತ ಬಂತು. ಎದ್ದು ಕೂತು ಹಸಿವು ಅಂದ. ಬ್ರೆಡ್ಡು, ಚೀಸು ಇಟ್ಟಳು. ನಗ್ತಾ, ಅಳ್ತಾ ಕಾಫಿ ಬಗ್ಗಿಸಿದಳು.

ಅವನು ಎಡಗೈಯಲ್ಲಿ ಬಟ್ಟಲು ಎತ್ತಿ ಒಂದು ಗುಟುಕು ಕುಡಿದ.

"ಆಚೆ ದಡದವಳೇ, ಇದು ಕಾಫಿನೋ, ಪಾತ್ರೆ ತೊಳೆದ ನೀರೋ?"

ಕೈಲಿದ್ದ ಜಗ್ಗು ಬಿದ್ದು ಚೂರಾಯಿತು. ಓಡಿಹೋಗಿ ಬಾಗಿಲು ತೆಗೆದಳು. ತೊಟ್ಟಿಯಿಂದ ಬಾಗಿಲವರೆಗೂ ಹಿಮದ ಮೇಲೆ ಬರಿಗಾಲಿನ ಹೆಜ್ಜೆ. ಬಂದದ್ದಿತ್ತು. ಹೋದದ್ದಿರಲಿಲ್ಲ.

ಆ ಕೂದಲು ತೆಗೆದು ಎಷ್ಟು ಸಲ ಕೀಲಿ ಕೊಟ್ಟಳೋ, ಎಷ್ಟು ಅಲ್ಲಾಡಿಸಿದಳೋ, ಗಡಿಯಾರ ಮತ್ತೆ ಓಡಲಿಲ್ಲ. ಊರಲ್ಲಿ ಯಾರ ಹತ್ತಿರ ಹೇಳ್ಕೊಳ್ತಾಳೆ? ಗಂಡ ಕಣ್ಣೆದುರಿಗೇ ಕೂತು ಉಣ್ತಿದ್ದಾನೆ ಅಂತ ಊರೇ ಹೇಳುತ್ತೆ. ಅವತ್ತಿಂದ ಅವಳು ಅಡುಗೆಮನೆಯ ಬೆಂಚಿನ ಮೇಲೇ ಮಲಗ್ತಾಳೆ, ಬಾಗಿಲಿಗೆ ಮುಖ ಮಾಡಿ.

ನಂಬೋರು ನಂಬಿ, ಬಿಡೋರು ಬಿಡಿ. ಹೋದ ಚಳಿಗಾಲ ನಾನೇ ಆ ಮನೆಯಲ್ಲಿ ಊಟ ಮಾಡಿದೆ, ಅವಳು ಇದನ್ನ ನನಗೆ ಹೇಳಿದ್ದೂ ಆಗಲೇ. ಬಾಗಿಲಿಗೆ ಚಿಲಕ ಇಲ್ಲ, ಅವತ್ತೇ ಇಕ್ಕಳ ಹಾಕಿ ಕಿತ್ತಿದ್ದಾಳೆ. ಗಾಳಿಗೆ ಬಾಗಿಲು ತೆರೆದುಕೊಂಡು ಹಿಮ ಒಳಗೆ ಬೀಳುತ್ತೆ. ಅವಳು ಗುಡಿಸ್ತಾಳೆ, ಮುಚ್ಚೋದಿಲ್ಲ. ಚಿಲಕ ಇದ್ದ ಜಾಗದಲ್ಲಿ ಮೊಳೆಯ ತೂತುಗಳಿವೆ. ನಾನೇ ಬೆರಳಿಟ್ಟು ನೋಡಿದ್ದೀನಿ.