ಅತ್ತೆ, ಸೊಸೆ ಮತ್ತು ದೆವ್ವದ ಸಿನಿಮಾ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕ ಒಬ್ಬ ಅತ್ತೆ, ಸೊಸೆ ಕೂತಿದ್ದರು. ಹಿಂದಿನ ದಿನ ಮನೆಯವರೆಲ್ಲ ದೆವ್ವದ ಸಿನಿಮಾಕ್ಕೆ ಹೋಗಿದ್ದರಂತೆ.

"ಅದೂ ಒಂದು ದೆವ್ವಾನಾ? ಬರೀ ಕೂದಲು ಕೆದರ್ಕೊಂಡು ಓಡಾಡ್ತಿತ್ತು," ಅಂದರು ಅತ್ತೆ.

"ಮತ್ತೆ ನನ್ನ ಕೈ ಯಾಕೆ ಹಂಗೆ ಹಿಡ್ಕೊಂಡಿದ್ರಿ?"

"ನೀನು ಹೆದರ್ತೀಯೇನೋ ಅಂತ. ನಿನ್ನ ಗಂಡನೇ ಪುಕ್ಕಲ, ಅರ್ಧಕ್ಕೇ ಎದ್ದು ಹೋದ."

"ಪಾಪ್‌ಕಾರ್ನ್ ತರ್ತೀನಿ ಅಂದ್ರು."

"ತಂದನಾ?"

ಇಬ್ಬರೂ ನಕ್ಕರು.

"ಮುಂದಿನ ವಾರ ಇನ್ನೊಂದು ಬರ್ತಿದೆ, ಅತ್ತೆ. ಅದರಲ್ಲಿ ಅತ್ತೇನೇ ದೆವ್ವ ಅಂತೆ."

"ಹಾಗಾದ್ರೆ ನಾವಿಬ್ರೇ ಹೋಗೋಣ."

"ನಿಜವಾಗ್ಲೂ? ಮದುವೆಯಾದ್ಮೇಲೆ ನೀವಾಗಿ ನನ್ನ ಕರೀತಿರೋದು ಇದೇ ಮೊದಲು."

"ಅತ್ತೆ ಪಾತ್ರ ಸರಿಯಾಗಿ ಮಾಡಿದ್ದಾಳಾ ಅಂತ ನೋಡೋಕೆ ನಾನಲ್ದೆ ಇನ್ಯಾರಿದ್ದಾರೆ?"

ಅಷ್ಟರಲ್ಲಿ ನರ್ಸ್ ಕರೆದಳು. ಸೊಸೆ ಊದಿದ ಕೆನ್ನೆ ಒತ್ತಿಕೊಂಡು ನಗುತ್ತಲೇ ಎದ್ದಳು. ಅತ್ತೆ ಅವಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಜೊತೆಗೇ ಒಳಗೆ ಹೋದರು.